ಸ್ಕೈ ದ್ವೀಪಕ್ಕೆ ಒಂದೇ ದಿನ ಸಾಕಾ? ಅಪ್ಪ ಅಮ್ಮನ ಜೊತೆ ಹೋಗ್ತಿದೀನಿ, ಹೋಗ್ಬಂದವ್ರು ಹೇಳಿ

ಹನುಮಂತನಗರದವ್ನು:
ಎಲ್ಲರಿಗೂ ನಮಸ್ಕಾರ. ಮೇ ಕೊನೇ ವಾರ ಅಪ್ಪ ಅಮ್ಮನ್ನ ಕರ್ಕೊಂಡು ಸ್ಕಾಟ್ಲೆಂಡಿಗೆ ಹೋಗ್ತಿದೀನಿ. ಅಪ್ಪಂಗೆ 66, ಮಂಡಿ ನೋವಿದೆ ಆದ್ರೂ ಬೆಳಿಗ್ಗೆ ವಾಕಿಂಗ್ ತಪ್ಪಿಸಲ್ಲ, ಅಮ್ಮಂಗೆ 61, ನಡಿಗೇಲಿ ನಾನೇ ಅವರ ಹಿಂದೆ ಓಡ್ಬೇಕು. ಎಡಿನ್‌ಬರೋದಲ್ಲಿ ಆರು ರಾತ್ರಿ ರೂಮ್ ಬುಕ್ ಆಗಿದೆ, ಅದ್ರಲ್ಲಿ ಒಂದು ದಿನ ಬೆಳಿಗ್ಗೆ ಐದಕ್ಕೆ ಬಾಡಿಗೆ ಕಾರಲ್ಲಿ ಹೊರಟು ಸ್ಕೈ ನೋಡ್ಕೊಂಡು ರಾತ್ರಿ ವಾಪಸ್ ಬರೋಣ ಅಂತ ಇದೀನಿ. ಓಲ್ಡ್ ಮ್ಯಾನ್ ಆಫ್ ಸ್ಟೋರ್, ಕ್ವಿರಾಂಗ್, ಫೇರಿ ಪೂಲ್ಸ್, ನೀಸ್ಟ್ ಪಾಯಿಂಟ್ ಲೈಟ್‌ಹೌಸ್, ಡನ್‌ವೆಗನ್ ಕೋಟೆ, ಇಷ್ಟು ಲಿಸ್ಟಲ್ಲಿದೆ. ಆಗುತ್ತಾ? ಯಾವುದನ್ನ ಬಿಡ್ಬೋದು?

ಇನ್ವರ್ನೆಸ್ ಅಕ್ಕ:
ತಮ್ಮಾ, ಆಗಂಗಿಲ್ಲ. ಬ್ಯಾಡ ಅನ್ನಾಕ ಹೇಳಾಕತ್ತಿಲ್ಲ, ಲೆಕ್ಕ ಹಾಕಿ ನೋಡು. ಎಡಿನ್‌ಬರೋದಿಂದ ಸ್ಕೈದಾಗಿನ ದೊಡ್ಡ ಊರು ಪೋರ್ಟ್ರೀಗೆ ಐದೂವರಿ ತಾಸು, ಬರಾಕ ಮತ್ತ ಐದೂವರಿ. ಹನ್ನೊಂದು ತಾಸು ಸ್ಟೇರಿಂಗ್ ಹಿಡಕೊಂಡು ಕುಂತ್ರ ನೋಡೂದು ಯಾವಾಗ, ಉಣ್ಣೂದು ಯಾವಾಗ? ಸ್ಕೈ ಅಂದ್ರ ಸಣ್ಣ ದ್ವೀಪ ಅಲ್ಲ, ಸುಮಾರು 1,650 ಚದರ ಕಿಲೋಮೀಟರ್ ಐತಿ, ನೀ ಬರದ ಜಾಗಾ ಎಲ್ಲಾ ಒಂದೊಂದು ಮೂಲ್ಯಾಗ ಅದಾವು. ನೀಸ್ಟ್ ಪಾಯಿಂಟ್ ಪಶ್ಚಿಮದ ತುದಿ, ಕ್ವಿರಾಂಗ್ ಉತ್ತರಕ್ಕ, ಫೇರಿ ಪೂಲ್ಸ್ ಬೆಟ್ಟದ ಬುಡಕ್ಕ ದಕ್ಷಿಣಕ್ಕ. ನಡುವ ಅರ್ಧ ರಸ್ತೆ ಒಂದೇ ಗಾಡಿ ಹೋಗುವಷ್ಟು ಅಗಲ.

ಇಲ್ಲೆ ಬಂದು ಒಂಬತ್ತು ವರ್ಷ ಆತು, ಧಾರವಾಡದಿಂದ ಬಂದ ಎಲ್ಲಾ ಬೀಗರ್ನೂ ಕರಕೊಂಡು ಹೋಗೀನಿ. ಎಡಿನ್‌ಬರೋದಾಗಿನ ಮೂರು ರಾತ್ರಿ ಕ್ಯಾನ್ಸಲ್ ಮಾಡಿ ಪೋರ್ಟ್ರೀ ಇಲ್ಲಾ ಬ್ರಾಡ್‌ಫರ್ಡಿನಾಗ ತೊಗೋ. ಮೂರು ರಾತ್ರಿ ಯಾಕಂದ್ರ ಒಂದು ದಿನ ಮಳಿಗೆ ಹೋಗತೈತಿ, ಅದು ಖರೇನ. ಇದಕ್ಕ ಗೇಲಿಕ್ ಮಂದಿ ಇಟ್ಟ ಇನ್ನೊಂದು ಹೆಸರು ಎಲಾನ್ ಅ ಖ್ಯೋ, ಮಂಜಿನ ದ್ವೀಪ ಅಂತ ಅದರ ಅರ್ಥ.

ಕೊಪ್ಪದ ಕಡೆಯವ:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಮೊದಲ ಸಲ ಒಂದು ವ್ಯಾನ್ ಟೂರಲ್ಲಿ ಇನ್ವರ್ನೆಸ್‌ನಿಂದ ಒಂದು ದಿನದ ಟ್ರಿಪ್ ಹೋಗಿದ್ದೆ, ಸ್ಟೋರ್ ಹತ್ರ ಇಪ್ಪತ್ತು ನಿಮಿಷ ಕೊಟ್ರು. ಕೆಳಗಿಂದ ನೋಡಿದ್ರೆ ಬರೀ ಬಿಳಿ ಮಂಜು, ಬಂಡೆ ಯಾವ ದಿಕ್ಕಲ್ಲಿದೆ ಅಂತಾನೂ ಗೊತ್ತಾಗಲಿಲ್ಲ, ಎಲ್ಲರೂ ಮಂಜಿನ ಫೋಟೋ ತೆಗ್ದು ವ್ಯಾನ್ ಹತ್ತಿದ್ವಿ. ಮುಂದಿನ ವರ್ಷ ಐದು ದಿನ ಇಟ್ಕೊಂಡು ಹೋದೆ, ಆಮೇಲೆ ಪ್ರತಿ ವರ್ಷ ಹೋಗ್ತಾನೇ ಇದೀನಿ.

ಸ್ಟೋರ್ ಬೆಟ್ಟ 719 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ನೋಡಿದವ್ರು ಇದೇನ್ ಮಹಾ ಅಂದ್ಕೋತಾರೆ, ಆದ್ರೆ ಮುಳ್ಳಯ್ಯನಗಿರೀಲಿ ಕಾರು ಬಹುತೇಕ ಮೇಲಿನವರೆಗೂ ಹೋಗುತ್ತೆ, ಇಲ್ಲಿ ಸಮುದ್ರದ ಪಕ್ಕದಿಂದ ಶುರು ಮಾಡ್ಬೇಕು. ಓಲ್ಡ್ ಮ್ಯಾನ್ ಅನ್ನೋ ಕಂಬದ ಥರ ನಿಂತಿರೋ ಬಂಡೆ ಸುಮಾರು 50 ಮೀಟರ್ ಎತ್ತರ, ಅದನ್ನ ಮೊದಲು ಹತ್ತಿದ್ದು 1955ರಲ್ಲಿ ಡಾನ್ ವಿಲನ್ಸ್ ಮತ್ತು ಸಂಗಡಿಗರು. ಬುಡದವರೆಗೆ ಹೋಗಿ ಬರೋಕೆ ಆರಾಮಾಗಿ ಎರಡು ಗಂಟೆ ಬೇಕು. ಅರ್ಧ ದಾರಿ ಒಳ್ಳೆ ಜಲ್ಲಿ ಹಾದಿ, ಆಮೇಲೆ ಕಲ್ಲಿನ ಮೆಟ್ಟಿಲು, ಅಪ್ಪನ ಮಂಡಿಗೆ ಇಳಿಯೋವಾಗ ಕಷ್ಟ ಆಗುತ್ತೆ. ಎರಡು ವಾಕಿಂಗ್ ಸ್ಟಿಕ್ ತಗೊಳ್ಳಿ.

ಮಲ್ಪೆ ಮೇಷ್ಟ್ರು:
ಕ್ವಿರಾಂಗ್ ಬಗ್ಗೆ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಅದನ್ನು ಬರೀ ಫೋಟೋ ಪಾಯಿಂಟ್ ಅಂತ ನೋಡಿದ್ರೆ ಬೇಜಾರಾಗ್ತದೆ ಮಾರಾಯ್ರೆ. ಅದು ಬ್ರಿಟನ್ನಿನಲ್ಲೇ ಅತಿ ದೊಡ್ಡ ಭೂಕುಸಿತದ ಪ್ರದೇಶದ ಭಾಗ. ಕೆಳಗೆ ಡೈನೋಸಾರ್ ಕಾಲದ ಜುರಾಸಿಕ್ ಜೇಡಿಕಲ್ಲು, ಮರಳುಗಲ್ಲು, ಅದರ ಮೇಲೆ ಸುಮಾರು 6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಪದರ ಪದರವಾಗಿ ಕೂತಿದೆ. ಅಡಿಪಾಯ ಮೆತ್ತಗೆ, ಮೇಲಿನ ಭಾರ ಜಾಸ್ತಿ. ಹಿಮಯುಗ ಮುಗಿದು ಪಕ್ಕದಲ್ಲಿ ಆಧಾರವಾಗಿದ್ದ ಮಂಜುಗಡ್ಡೆ ಕರಗಿದ ಮೇಲೆ ಇಡೀ ಅಂಚು ಹಿಂದಕ್ಕೆ ವಾಲಿಕೊಂಡು ಜಾರಿತು. ಈಗಲೂ ಜಾರ್ತಾ ಉಂಟು, ಕೆಳಗೆ ಫ್ಲೋಡಿಗ್ಯಾರಿ ಹತ್ರ ರಸ್ತೆಯನ್ನು ಮತ್ತೆ ಮತ್ತೆ ರಿಪೇರಿ ಮಾಡ್ಲೇಬೇಕು.

ಅಲ್ಲಿ ಬಂಡೆಗಳ ಒಳಗೆ ಅಡಗಿದ ಒಂದು ಚಪ್ಪಟೆ ಹುಲ್ಲುಹಾಸು ಉಂಟು, ಟೇಬಲ್ ಅಂತ ಕರೀತಾರೆ. ಶತ್ರುಗಳು ದಾಳಿಗೆ ಬಂದಾಗ ಊರಿನವರು ದನಗಳನ್ನು ಅಲ್ಲಿಗೆ ಹೊಡ್ಕೊಂಡು ಹೋಗಿ ಬಚ್ಚಿಡ್ತಿದ್ರು ಅಂತ ಹೇಳಿಕೆ. ಕ್ವಿರಾಂಗ್ ಅನ್ನೋ ಹೆಸರೂ ಹಳೇ ನಾರ್ಸ್ ಭಾಷೆಯದ್ದು, ದುಂಡಗಿನ ದೊಡ್ಡಿ ಅಂತ ಅರ್ಥ ಹೇಳ್ತಾರೆ. ನಮ್ಮ ದನದ ದೊಡ್ಡಿ ಇದೆಯಲ್ಲ, ಅದೇ.

ಹಾಗೇ ಸ್ಟಾಫಿನ್ ಹತ್ರ ಕಿಲ್ಟ್ ರಾಕ್ ನೋಡಿ, ಕಂಬ ಕಂಬವಾಗಿ ನಿಂತ ಕರಿಬಂಡೆ. ನಮ್ಮ ಸೇಂಟ್ ಮೇರಿಸ್ ದ್ವೀಪದ ಕಂಬಗಳನ್ನು ನೋಡಿದವರಿಗೆ ಒಮ್ಮೆ ಮೈ ಜುಮ್ ಅನ್ನಿಸ್ತದೆ, ಎರಡೂ ಬಿಸಿ ಕಲ್ಲು ತಣಿಯುವಾಗ ಕುಗ್ಗಿ ಸೀಳಿದ್ದು. ಕಲ್ಲಿನ ಜಾತಿ ಬೇರೆ, ವಯಸ್ಸೂ ಬೇರೆ, ನಮ್ಮದು ಇನ್ನೂ ಹಳೇದು, ಆದರೆ ಸೀಳುವ ರೀತಿ ಒಂದೇ.

ಹನುಮಂತನಗರದವ್ನು:
ಅಬ್ಬಾ, ಇಷ್ಟೆಲ್ಲಾ ಗೊತ್ತೇ ಇರ್ಲಿಲ್ಲ. ಅಪ್ಪಂಗೆ ಓದಿ ಹೇಳಿದೆ, ಭೂಮಿ ಜಾರ್ತಾ ಇದೆ ಅಂದ್ರೆ ಅಲ್ಲಿಗೆ ಯಾಕೆ ಹೋಗ್ಬೇಕು ಅಂತ ಕೇಳ್ತಿದಾರೆ. ಸರಿ, ಮೂರು ರಾತ್ರಿ ಪೋರ್ಟ್ರೀಲಿ ಹುಡುಕ್ತಿದೀನಿ. ಒಂದೇ ಗಾಡಿ ಹೋಗೋ ರಸ್ತೆ ಬಗ್ಗೆ ಭಯ ಇದೆ, ನಾನು ಬೆಂಗಳೂರು ಬಿಟ್ಟು ಹೊರಗೆ ಓಡ್ಸಿದ್ದು ಕಮ್ಮಿ. ಮತ್ತೆ ಕಾರಿಲ್ಲದೆ ಆಗುತ್ತಾ?

ಬಸ್ಸಲ್ಲೇ ಸುತ್ತೋಳು:
ನಾನು ಗ್ಲಾಸ್ಗೋದಲ್ಲಿ ಓದ್ತಿರೋದು, ಮೈಸೂರಿನೋಳು, ಎರಡು ಸಲ ಕಾರಿಲ್ಲದೆ ಹೋಗಿದೀನಿ. ಗ್ಲಾಸ್ಗೋದಿಂದ ನೇರ ಬಸ್ ಇದೆ, ಗ್ಲೆನ್‌ಕೋ ಕಣಿವೆ ಮೇಲೆ ಹೋಗುತ್ತೆ, ಬಲಗಡೆ ಎಡಗಡೆ ಎರಡೂ ಕಿಟಕಿ ಬೇಕು ಅನ್ಸುತ್ತೆ. ಇನ್ನೊಂದು ದಾರಿ ಮ್ಯಾಲೇಗ್‌ಗೆ ಟ್ರೈನು, ಅಲ್ಲಿಂದ ಆರ್ಮಡೇಲ್‌ಗೆ ಫೆರಿ. ಆ ಟ್ರೈನ್ 21 ಕಮಾನಿನ ಗ್ಲೆನ್‌ಫಿನ್ನನ್ ಸೇತುವೆ ಮೇಲೆ ಹೋಗೋದು. ಪೋರ್ಟ್ರೀಯಿಂದ ಸ್ಟೋರ್, ಸ್ಟಾಫಿನ್ ಕಡೆ ಸುತ್ತಾಡ್ಸೋ ಲೋಕಲ್ ಬಸ್ಸೂ ಇದೆ ಆದ್ರೆ ದಿನಕ್ಕೆ ಕೆಲವೇ, ಭಾನುವಾರ ಇನ್ನೂ ಕಮ್ಮಿ, ಟೈಮ್ ನೋಡ್ಕೊಂಡೇ ಇಳೀಬೇಕು. ನನಗೊಬ್ಳಿಗೆ ಪರವಾಗಿಲ್ಲ, ಅಪ್ಪ ಅಮ್ಮನ್ನ ಮಳೇಲಿ ಬಸ್ ಸ್ಟಾಪಲ್ಲಿ ಒಂದೂವರೆ ಗಂಟೆ ನಿಲ್ಲಿಸೋಕೆ ಮನಸ್ಸು ಬರಲ್ಲ, ಕಾರ್ ತಗೊಳ್ಳಿ ಅಣ್ಣಾ.

ಇನ್ವರ್ನೆಸ್ ಅಕ್ಕ:
ರಸ್ತಿ ಬಗ್ಗೆ ಅಂಜಬ್ಯಾಡ. ನಮ್ಮ ಲೈಸೆನ್ಸಿನ ಮ್ಯಾಲೆ ಇಲ್ಲೆ ಓಡಸಬಹುದು, ಗಾಡಿ ಎಡಕ್ಕ ಹೋಗೂದು ನಮ್ಮಂಗ. ಆಟೋಮ್ಯಾಟಿಕ್ ಬೇಕಂದ್ರ ಮದಲ ಬುಕ್ ಮಾಡು. ಒಂಟಿ ರಸ್ತಿ ಮ್ಯಾಲೆ ಅಲ್ಲಲ್ಲೆ ಉಬ್ಬಿದಂಗ ಜಾಗಾ ಬಿಟ್ಟಿರ್ತಾರ, ಪಾಸಿಂಗ್ ಪ್ಲೇಸ್ ಅಂತ ಬೋರ್ಡ್ ಇರತೈತಿ. ಎದುರಿಗೆ ಗಾಡಿ ಕಂಡ್ರ, ಆ ಜಾಗಾ ನಿನ್ನ ಎಡಕ್ಕ ಇದ್ರ ಒಳಗ ಹೋಗಿ ನಿಲ್ಲು, ಬಲಕ್ಕ ಇದ್ರ ಅದರ ಎದುರಿಗೆ ರಸ್ತಿ ಮ್ಯಾಲೇನ ನಿಲ್ಲು, ಅವರು ಸುತ್ತಿ ಹೋಗ್ತಾರ. ಹಿಂದ ಯಾರರ ಬಂದ್ರೂ ದಾರಿ ಬಿಡು, ಅವರು ದವಾಖಾನಿಗೋ ಸಾಲಿಗೋ ಹೊಂಟಿರ್ತಾರ, ನಿನ್ನಂಗ ಗುಡ್ಡಾ ನೋಡಕೋತ ಹೋಗೂದಿಲ್ಲ. ಅಲ್ಲೆ ಪಾರ್ಕ್ ಮಾತ್ರ ಮಾಡಬ್ಯಾಡ. ಅದೊಂದು ನನಗ ಬಾಳ ಸಿಟ್ಟ ಬರೂದು. ಒಮ್ಮಿ ಫೇರಿ ಪೂಲ್ಸ್ ದಾರಿಯಾಗ ಯಾರೋ ಪಾಸಿಂಗ್ ಪ್ಲೇಸಿನಾಗ ಗಾಡಿ ಬಿಟ್ಟು ಹೋಗಿದ್ರು, ಆಂಬುಲೆನ್ಸ್ ಹನ್ನೆರಡು ನಿಮಿಷ ನಿಂತು ಹಾರ್ನ್ ಹೊಡೀತು, ನಾ ಹಿಂದ ಇದ್ದೆ.

ಕುರಿ ರಸ್ತಿಗೆ ಬಂದು ಮಲಗ್ತಾವು, ನಿಂತು ಕಾಯಿ, ಎದ್ದು ಹೋಗ್ತಾವು.

ಕೊಪ್ಪದ ಕಡೆಯವ:
ಹುಳದ ಬಗ್ಗೆ ಯಾರೂ ಹೇಳ್ಲಿಲ್ಲ. ಮಿಡ್ಜ್ ಅಂತ ಇದೆ, ನಮ್ಮಲ್ಲಿ ಗುಂಗುರು, ನುಸಿ ಅಂತೀವಲ್ಲ ಆ ಥರ, ಆದ್ರೆ ಕಚ್ಚುತ್ತೆ. ಮೇ ಕೊನೇಗೆ ಶುರು ಆಗುತ್ತೆ, ಜುಲೈ ಆಗಸ್ಟಲ್ಲಿ ವಿಪರೀತ. ಒಂದು ಸಂಜೆ ಸ್ಲಿಗ್ಯಾಕನ್ ಹಳೇ ಸೇತುವೆ ಕೆಳಗೆ ಕಲ್ಲಿನ ಮೇಲೆ ಕೂತು ಟೀ ಕುಡೀತಿದ್ದೆ, ಗಾಳಿ ನಿಂತ ಎರಡೇ ನಿಮಿಷಕ್ಕೆ ಟೀ ಮೇಲೆ ಕಪ್ಪು ಎಳ್ಳು ಉದುರಿಸಿದ ಹಾಗೆ ಹುಳ, ಕೈ ಬೆನ್ನ ಮೇಲೆ, ಕಿವಿ ಒಳಗೆ, ಹುಬ್ಬಲ್ಲಿ. ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ಗಾಳಿ ಇದ್ರೆ ಅವು ಹಾರೋಕಾಗಲ್ಲ, ಅದಕ್ಕೆ ಸಮುದ್ರದ ಕಡೆ, ದಿಬ್ಬದ ಮೇಲೆ ಇರಿ, ಮುಸ್ಸಂಜೆ ನೀರಿನ ಹತ್ರ ಕೂರ್ಬೇಡಿ. ಸ್ಮಿಜ್ ಅಂತ ಹಚ್ಕೊಳ್ಳೋ ಸ್ಪ್ರೇ ಅಂಗಡೀಲಿ ಸಿಗುತ್ತೆ, ತಲೆಗೆ ಹಾಕೋ ಬಲೆನೂ ಸಿಗುತ್ತೆ.

ಇನ್ನೊಂದು ಉಣ್ಣೆ. ಉಣುಗು. ಮಲೆನಾಡಿನವ್ರಿಗೆ ಮಂಗನ ಕಾಯಿಲೆ ಕಾರಣಕ್ಕೆ ಉಣುಗು ಅಂದ್ರೇನೇ ಎದೆ ಝಲ್ ಅನ್ನುತ್ತೆ, ಇಲ್ಲಿನದು ಬೇರೆ ಕಾಯಿಲೆ, ಲೈಮ್ ಅಂತ. ಜರೀಗಿಡ, ಉದ್ದ ಹುಲ್ಲಲ್ಲಿ ನಡೆದಿದ್ರೆ ರಾತ್ರಿ ಸ್ನಾನಕ್ಕೆ ಮುಂಚೆ ಮಂಡಿ ಹಿಂದೆ, ಸೊಂಟದ ಸುತ್ತ ನೋಡ್ಕೊಳ್ಳಿ. ಕಚ್ಚಿದ್ರೆ ಚಿಮುಟದಲ್ಲಿ ಬುಡದಲ್ಲೇ ಹಿಡಿದು ನೇರ ಎಳೀರಿ. ಕಚ್ಚಿದ ಸುತ್ತ ಕೆಂಪು ಉಂಗುರ ಹರಡಿದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು, ಆಮೇಲೆ ಊರಿಗೆ ಬಂದ ಮೇಲೆ ಜ್ವರ ಬಂದ್ರೂ ಉಣ್ಣೆ ಕಚ್ಚಿತ್ತು ಅಂತ ಹೇಳೋದು ಮರೀಬೇಡಿ.

ಬಸ್ಸಲ್ಲೇ ಸುತ್ತೋಳು:
ಫೇರಿ ಗ್ಲೆನ್‌ಗೂ ಹೋಗಿ, ಯೂಗ್ ಹತ್ರ. ಪುಟ್ಟ ಪುಟ್ಟ ಹಸಿರು ಗುಡ್ಡ, ಯಾರೋ ಬೆರಳಲ್ಲಿ ಚಿವುಟಿ ಮಾಡಿದ ಹಾಗಿದೆ. ನೆಲದ ಮೇಲೆ ಕಲ್ಲಲ್ಲಿ ಸುರುಳಿ ಮಾಡಿರ್ತಾರೆ, ಎಷ್ಟ್ ಚೆನ್ನಾಗಿರುತ್ತೆ ಗೊತ್ತಾ, ನಾನೂ ಒಂದು ಕಲ್ಲಿಟ್ಟು ಬಂದೆ.

ಮಲ್ಪೆ ಮೇಷ್ಟ್ರು:
ತಂಗೀ, ಆ ಸುರುಳಿ ಹಳೇದಲ್ಲ, ಪ್ರವಾಸಿಗರೇ ಮಾಡ್ತಾರೆ. ಊರಿನವರು ಬಂದು ಕಿತ್ತು ಹಾಕ್ತಾರೆ, ಮತ್ತೆ ಯಾರೋ ಮಾಡ್ತಾರೆ. ನಮ್ಮ ಬೆಟ್ಟಗಳಲ್ಲೂ ಮನೆ ಕಟ್ಟುವ ಆಸೆಗೆ ಕಲ್ಲು ಪೇರಿಸ್ತಾರಲ್ಲ, ಆ ಭಾವನೆ ನನಗೆ ಅರ್ಥ ಆಗ್ತದೆ. ಆದರೆ ಕಲ್ಲು ಕಿತ್ತ ಜಾಗದಲ್ಲಿ ಮಣ್ಣು ಬರಿದಾಗ್ತದೆ, ಮಳೆ ಬಂದು ಕೊರೀತದೆ. ಅದು ಕುರಿ ಮೇಯಿಸುವ ಜಾಗ. ನಾನು ಹೋದಾಗ ಸುರುಳಿಯ ಪಕ್ಕದಲ್ಲೇ ಕಲ್ಲು ಎತ್ತಿದ ಗುಂಡಿ ಕಂಡೆ, ಅಂಗೈ ಅಗಲದ್ದು, ಒಳಗೆ ಕೆಸರು, ಒಂದು ಎರೆಹುಳ ಹೊರಳ್ತಾ ಇತ್ತು. ಅಂಥದ್ದು ನೂರಾರು ಉಂಟು ಅಲ್ಲಿ.

ನಿಮಗೆ ಕಾಲದ ಗುರುತೇ ಬೇಕಾದರೆ ಸ್ಟಾಫಿನ್ನಿನ ಅನ್ ಕೊರನ್ ಬೀಚಿಗೆ ಇಳಿತದ ಹೊತ್ತಿಗೆ ಹೋಗಿ. ಚಪ್ಪಟೆ ಬಂಡೆಯ ಮೇಲೆ ಮೂರು ಬೆರಳಿನ ಡೈನೋಸಾರ್ ಹೆಜ್ಜೆ ಉಂಟು, ಸುಮಾರು 16 ಕೋಟಿ ವರ್ಷದ್ದು. ಭರತ ಇದ್ದರೆ ನೀರಿನಡಿ, ಮರಳು ಮುಚ್ಚಿದ್ದರೂ ಕಾಣೂದಿಲ್ಲ, ಹಾಗಾಗಿ ಇಳಿತದ ಟೈಮ್ ನೋಡಿಕೊಂಡೇ ಹೋಗಬೇಕು. ಹೆಜ್ಜೆಯಲ್ಲಿ ಸ್ವಲ್ಪ ನೀರು ನಿಂತಿದ್ದರೆ ಆಗಲೇ ಚೆನ್ನಾಗಿ ಕಾಣೂದು.

ಬಸ್ಸಲ್ಲೇ ಸುತ್ತೋಳು:
ಗೊತ್ತಿರ್ಲಿಲ್ಲ ಸರ್, ಇನ್ನು ಇಡಲ್ಲ. ಇಳಿತದ ಟೈಮ್ ನೋಡೋದು ನನ್ನ ತಲೆಗೇ ಬಂದಿರ್ಲಿಲ್ಲ, ಅಲ್ಲಿಗೆ ಹೋಗಿ ಬರೀ ಅಲೆ ನೋಡ್ಕೊಂಡು ಬಂದಿದ್ದೆ.

ಹಳೇ ಪುಸ್ತಕ:
ಡನ್‌ವೆಗನ್ ಕೋಟೆ ಲಿಸ್ಟಲ್ಲಿದೆಯಲ್ಲ, ಅಲ್ಲಿಗೆ ಹೋದ್ರೆ ನಮ್ಮ ಕಡೆಯ ನೆನಪೂ ಬರುತ್ತೆ. ಅದು ಮ್ಯಾಕ್ಲೌಡ್ ಮನೆತನದ್ದು, ಸುಮಾರು 800 ವರ್ಷದಿಂದ ಅವರದೇ ಕೈಲಿದೆ. ಆ ಮನೆತನದ 23ನೇ ಮುಖ್ಯಸ್ಥ ನಾರ್ಮನ್ ಮ್ಯಾಕ್ಲೌಡ್ ಸೇನಾಧಿಕಾರಿಯಾಗಿ ಇಂಡಿಯಾಕ್ಕೆ ಬಂದು 1782ರಲ್ಲಿ ಮಲಬಾರಿನ ಪೊನ್ನಾನಿ ಹತ್ತಿರ ಟಿಪ್ಪುವಿನ ಸೈನ್ಯದ ಎದುರು ನಿಂತವನು. ಕೋಟೆ ಒಳಗೆ ಫೇರಿ ಫ್ಲ್ಯಾಗ್ ಅಂತ ಜೀರ್ಣವಾದ ಒಂದು ರೇಷ್ಮೆ ಬಟ್ಟೆ ಇಟ್ಟಿದ್ದಾರೆ, ಯುದ್ಧದಲ್ಲಿ ಅದನ್ನ ಬೀಸಿದ್ರೆ ಗೆಲುವು ಅಂತ ಅವರ ನಂಬಿಕೆ.

ಯೂಗ್ ಬಂದರಿಂದ ಆಚೆ ದ್ವೀಪಕ್ಕೆ, ಹ್ಯಾರಿಸ್ ಮತ್ತು ಲೂಯಿಸ್ ಕಡೆಗೆ ಫೆರಿ ಹೋಗುತ್ತೆ. ಆ ಲೂಯಿಸಿನ ಸ್ಟಾರ್ನೋವೇ ಊರಲ್ಲಿ ಹುಟ್ಟಿದವನೇ ಕಾಲಿನ್ ಮೆಕೆಂಜಿ, ನಮ್ಮ ಮೈಸೂರು ಸೀಮೆಯ ಸರ್ವೆ ಮಾಡಿ, ಊರೂರಿನ ಕೈಫಿಯತ್ತು, ಅಂದ್ರೆ ಸ್ಥಳೀಯ ಚರಿತ್ರೆ, ಬರೆಸಿ, 1815ರಲ್ಲಿ ಇಂಡಿಯಾದ ಮೊದಲ ಸರ್ವೇಯರ್ ಜನರಲ್ ಆದವನು. ಆಕಾಶ ತಿಳಿಯಾಗಿದ್ರೆ ಕ್ವಿರಾಂಗ್ ಮೇಲಿಂದ ಆ ದ್ವೀಪಗಳು ಕಾಣುತ್ತೆ. ಅಲ್ಲಿ ನಿಂತಾಗ ನನ್ನ ಅಜ್ಜನ ಊರಿನ ಕೈಫಿಯತ್ತು ಜ್ಞಾಪಕ ಬಂತು.

ಇನ್ನೊಂದು ಜಾಗ ಯಾರೂ ಹೇಳಲ್ಲ, ಪೋರ್ಟ್ರೀಯಿಂದ ಸ್ವಲ್ಪ ದಕ್ಷಿಣಕ್ಕೆ ಬ್ರೇಸ್. 1882ರಲ್ಲಿ ಅಲ್ಲಿನ ಬಡ ರೈತರು ಗುಡ್ಡದ ಹುಲ್ಲುಗಾವಲು ನಮಗೆ ವಾಪಸ್ ಕೊಡೋವರೆಗೂ ಗೇಣಿ ಕೊಡಲ್ಲ ಅಂತ ಕೂತರು, ಒಕ್ಕಲೆಬ್ಬಿಸೋ ನೋಟಿಸ್ ಸುಟ್ಟುಹಾಕಿದರು. ಗ್ಲಾಸ್ಗೋದಿಂದ ಸುಮಾರು 50 ಪೊಲೀಸರನ್ನ ಕರೆಸಿದರು, ಹೆಂಗಸರು ಮುಂದೆ ನಿಂತು ಕಲ್ಲು ಬೀಸಿದರು. ಇಂಥಾ ಹೋರಾಟಗಳಿಂದ 1886ರಲ್ಲಿ ರೈತರಿಗೆ ಭೂಮಿ ಮೇಲೆ ಭದ್ರತೆ ಕೊಡೋ ಕಾಯ್ದೆ ಬಂತು. ಕಾಗೋಡು ಸತ್ಯಾಗ್ರಹದ ಕಥೆ ಕೇಳಿ ಬೆಳೆದ ಸಾಗರದವನಾದ ನನಗೆ ಆ ರಸ್ತೆ ಬದಿಯ ಕಲ್ಲಿನ ಸ್ಮಾರಕದ ಮುಂದೆ ಕಾಲು ಕೀಳೋಕೇ ಆಗಲಿಲ್ಲ. ಖಾಲಿ ಖಾಲಿ ಸುಂದರ ಕಣಿವೆ ಅಂತ ಫೋಟೋ ಹೊಡೀತೀವಲ್ಲ, ಬೋರೆರೇಗ್, ಸುಯಿಶ್ನಿಶ್ ಥರದ ಊರುಗಳು ಹಾಗೆ ಖಾಲಿ ಇರೋದು 1853ರ ಹೊತ್ತಿಗೆ ಕುರಿ ಸಾಕೋಕೆ ಅಂತ ಜನರನ್ನ ಎಬ್ಬಿಸಿದ್ದಕ್ಕೆ. ಮನೆ ಗೋಡೆಗಳು ಇನ್ನೂ ನಿಂತಿವೆ.

ಕೊಪ್ಪದ ಕಡೆಯವ:
ಇದು ಓದಿ ಸುಮ್ನೆ ಕೂತೆ. ಬೋರೆರೇಗ್ ಹಾದಿಯಲ್ಲಿ ಎರಡು ಸಲ ನಡೆದಿದೀನಿ, ಹಳೇ ಕುರಿದೊಡ್ಡಿ ಅಂದ್ಕೊಂಡಿದ್ದೆ.

ಕುಲಿನ್ ಬೆಟ್ಟದ ಬಗ್ಗೆ ಒಂದೇ ಮಾತು. ಕಪ್ಪು ಕುಲಿನ್ ಹತ್ತೋಕೆ ಹೋಗ್ಬೇಡಿ, ನೋಡೋಕೆ ಹೋಗಿ. ಅತಿ ಎತ್ತರದ ಸ್ಗೂರ್ ಅಲಸ್ಟೆರ್ 992 ಮೀಟರ್, ಸಾಲು ಪೂರ್ತಿ ಹಲ್ಲು ಹಲ್ಲಾದ ಗ್ಯಾಬ್ರೋ ಕಲ್ಲು, ಕೆಲವು ಕಡೆ ಕಲ್ಲಿನಲ್ಲಿರೋ ಕಬ್ಬಿಣದ ಅಂಶಕ್ಕೆ ದಿಕ್ಸೂಚಿನೇ ತಪ್ಪು ತೋರಿಸುತ್ತೆ. ಅದನ್ನ ಅಪ್ಪ ಅಮ್ಮನ ಜೊತೆ ಒಳಗಿಂದ ನೋಡೋ ದಾರಿ ಎಲ್ಗೋಲ್‌ನಿಂದ ಬೋಟ್. ಸುಮಾರು ಮುಕ್ಕಾಲು ಗಂಟೆ, ದಾರೀಲಿ ಬಂಡೆ ಮೇಲೆ ಸೀಲ್‌ಗಳು ಮಲಗಿರ್ತಾವೆ, ಇಳಿದು ಸ್ವಲ್ಪ ನಡೆದ್ರೆ ಲಾಖ್ ಕೊರುಶ್ಕ್ ಸರೋವರ. ಮೂರೂ ಕಡೆ ಕಪ್ಪು ಗೋಡೆ. ಒಂದು ಜಾಗಕ್ಕೆ ಮಾತ್ರ ಹೋಗೋಕಾಗೋದು ಅಂದ್ರೆ ಇದಕ್ಕೇ ಹೋಗಿ ಅಂತೀನಿ ನಾನು, ಫೇರಿ ಪೂಲ್ಸ್ ಬಿಡಿ.

ಇನ್ವರ್ನೆಸ್ ಅಕ್ಕ:
ಫೇರಿ ಪೂಲ್ಸ್ ಬಿಡು ಅಂದ್ರ ನಾ ಒಪ್ಪಂಗಿಲ್ಲ. ಬೆಳಿಗ್ಗೆ ಎಂಟರೊಳಗ ಹೋದ್ರ ಮಂದಿ ಇರೂದಿಲ್ಲ, ನೀರು ಹಸಿರು ಗಾಜಿನಂಗ, ತಳದ ಕಲ್ಲು ಎಣಿಸಬಹುದು. ರಾತ್ರಿ ಜೋರು ಮಳಿ ಆಗಿದ್ರ ಮಾತ್ರ ಬ್ಯಾಡ, ಹಳ್ಳ ಏರಾಕ ಹೊತ್ತು ಹಿಡಿಯಂಗಿಲ್ಲ. ನೀಸ್ಟ್ ಪಾಯಿಂಟಿನಾಗ ಕೆಳಗ ಲೈಟ್‌ಹೌಸ್ ತನಕ ಇಳಿಯೂದು ಸರಳ, ಏರೂದು ಮಂಡಿಗೆ ಸಂಕಟ. ಅಪ್ಪಾರ್ನ ಮ್ಯಾಲೇನ ಕುಂಡ್ರಸು, ನೋಟ ಅಲ್ಲಿಂದೇನ ಚಂದ. ಅವರಿಗೆ ಸಪಾಟು ನಡಿಗಿ ಬೇಕಂದ್ರ ಡನ್‌ವೆಗನ್ ದಾಟಿ ಕ್ಲೇಗನ್ ಕಡೆ ಕೋರಲ್ ಬೀಚ್ ಐತಿ, ಬೆಳ್ಳಗ ಮಿಂಚತೈತಿ. ಹೆಸರು ಹವಳ ಅಂತ ಇದ್ರೂ ಅದು ಹವಳ ಅಲ್ಲ, ಸುಣ್ಣ ಕಟ್ಟಿದ ಕಡಲ ಪಾಚಿ ಚೂರು. ಬೊಗಸಿಯಾಗ ಹಿಡದು ನೋಡು, ಸಣ್ಣ ಸಣ್ಣ ಶುಂಠಿ ಬೇರಿನಂಗ ಕಾಣತಾವು. ಮನಿಗೆ ಮಾತ್ರ ತರಬ್ಯಾಡ.

ಹನುಮಂತನಗರದವ್ನು:
ಹೋಗ್ಬಂದ್ವಿ! ಬರೀತೀನಿ ಅಂದಿದ್ದೆ, ಬರೀತಿದೀನಿ. ಪೋರ್ಟ್ರೀಲಿ ಮೂರು ರಾತ್ರಿ. ಮೊದಲ ದಿನ ಸ್ಕೈಗೆ ಹೋಗೋ ಸೇತುವೆ ದಾಟ್ತಿದ್ದಂಗೆ ಮಳೆ. ಸ್ಟೋರ್ ಹತ್ರ ಹೋದ್ರೆ ಕೊಪ್ಪದವ್ರು ಹೇಳಿದ್ದೇ, ಬಿಳೀ ಗೋಡೆ, ಹತ್ತು ಮೀಟರ್ ಆಚೆ ಏನೂ ಇಲ್ಲ. ಒಂದೇ ದಿನದ ಪ್ಲಾನ್ ಆಗಿದ್ರೆ ಅಷ್ಟೇ ಸ್ಟೋರ್ ನಮ್ಮ ಪಾಲಿಗೆ. ವಾಪಸ್ ಬಂದು ರೂಮಲ್ಲಿ ಅವಲಕ್ಕಿ ಕಲ್ಸಿ ತಿಂದು ಮಲಗಿದ್ವಿ. ಎರಡನೇ ದಿನ ಬೆಳಿಗ್ಗೆ ಎಲ್ಗೋಲ್ ಬೋಟು, ಸಂಜೆ ಏಳಕ್ಕೆ ಮೋಡ ಒಡೀತು ಅಂತ ಕಂಡಿದ್ದೇ ಮತ್ತೆ ಸ್ಟೋರ್‌ಗೆ ಹೋದ್ವಿ, ಕತ್ತಲಾಗೋದೇ ಹತ್ತರ ಮೇಲೆ ಅಲ್ವಾ. ಅಪ್ಪ ಜಲ್ಲಿ ಹಾದಿ ಮುಗಿಯೋವರೆಗೂ ಬಂದು ಅಲ್ಲೇ ಬಂಡೆ ಮೇಲೆ ಕೂತ್ರು, ನಾನು ಅಮ್ಮ ಬುಡದವರೆಗೂ ಹೋದ್ವಿ. ಕೆಳಗೆ ಸಮುದ್ರ, ಎದುರಿಗೆ ರಾಸೇ ದ್ವೀಪ, ಅಮ್ಮ ಚಪ್ಪಾಳೆ ತಟ್ಟಿ ಅಪ್ಪಂಗೆ ಕೇಳ್ಸುತ್ತಾ ಅಂತ ನೋಡ್ತಿದ್ರು.

ಕಿಲ್ಟ್ ರಾಕ್ ಹತ್ರ ಮೀಲ್ಟ್ ಜಲಪಾತ ನೇರ ಸಮುದ್ರಕ್ಕೇ ಬೀಳುತ್ತೆ. ಅಲ್ಲಿ ಕಬ್ಬಿಣದ ಬೇಲಿ ಕೊಳವೆ ಒಳಗೆ ಗಾಳಿ ಹೊಕ್ಕಿ ಕೊಳಲಿನ ಥರ ಸದ್ದು ಬರುತ್ತೆ, ಅಪ್ಪ ಕಿವಿ ಇಟ್ಟು ಒಂದೊಂದು ಕೊಳವೇನೂ ಕೇಳ್ತಾ ಕಾಲು ಗಂಟೆ ಅಲ್ಲೇ ನಿಂತಿದ್ರು, ಜಲಪಾತ ನೋಡಿದ್ದು ಕಮ್ಮಿ. ಅಪ್ಪ ಮೂವತ್ತು ವರ್ಷ ಬಸ್ ಓಡ್ಸಿದವ್ರು, ಪಾಸಿಂಗ್ ಪ್ಲೇಸಲ್ಲಿ ನಿಂತು ದಾರಿ ಬಿಟ್ಟಾಗ ಎದುರಿನ ಡ್ರೈವರ್ ಕೈ ಎತ್ತಿ ಹೋಗೋದು ಅವ್ರಿಗೆ ಎಷ್ಟು ಹಿಡಿಸ್ತು ಅಂದ್ರೆ ಪ್ರತಿ ಸಲ ನನಗಿಂತ ಮುಂಚೆ ಅವರೇ ಕೈ ಎತ್ತೋರು. ಅನ್ ಕೊರನ್‌ಲಿ ಹೆಜ್ಜೆ ಸಿಕ್ತು ಮೇಷ್ಟ್ರೇ, ಇಳಿತ ಮಧ್ಯಾಹ್ನ ಇತ್ತು, ಅಮ್ಮನ ಅಂಗೈ ಇಟ್ರೂ ಬೆರಳು ಆಚೆ ಉಳೀತು. ನೀಸ್ಟ್ ಪಾಯಿಂಟ್ ಬಿಟ್ವಿ, ಬೇಜಾರಿಲ್ಲ. ಬ್ರೇಸ್ ಸ್ಮಾರಕಕ್ಕೂ ಹೋಗಿದ್ವಿ, ನಾವು ಮೂರೇ ಜನ ಇದ್ದಿದ್ದು.

ಬಸ್ಸಲ್ಲೇ ಸುತ್ತೋಳು:
ಓದಿ ಕಣ್ಣಿಗೆ ಕಟ್ಟಿದಂಗಾಯ್ತು ಅಣ್ಣಾ. ವಾಪಸ್ ಸೇತುವೆ ಮೇಲೇ ಬಂದ್ರಾ?

ಹನುಮಂತನಗರದವ್ನು:
ಇಲ್ಲ, ಪೋರ್ಟ್ರೀ ಮನೆಯವ್ರು ಹೇಳಿದ್ರು ಅಂತ ಕೈಲ್‌ರೇಯಿಂದ ಗ್ಲೆನೆಲ್ಗ್‌ಗೆ ಪುಟ್ಟ ಫೆರೀಲಿ ಬಂದ್ವಿ. ಊರಿನವರೇ ಸೇರಿ ನಡೆಸೋದಂತೆ, ಚಳಿಗಾಲದಲ್ಲಿ ಇರಲ್ಲ. ಆರೇ ಕಾರು ಹಿಡಿಯೋದು. ಕಾರು ಹತ್ತಿದ ಮೇಲೆ ಅಲ್ಲಿ ಕೆಲಸ ಮಾಡೋವ್ರು ಆ ಡೆಕ್ಕನ್ನೇ ಕೈಯಲ್ಲಿ ನೂಕಿ ತಿರುಗಿಸ್ತಾರೆ, ನಮ್ಮೂರ ಗಾಣದ ಹಾಗೆ. ಅಪ್ಪ ಕಾರಿಂದ ಇಳಿದು ಅವರ ಜೊತೆ ನೂಕೋಕೆ ಹೋದ್ರು, ಬೇಡ ಸರ್ ಕೂತ್ಕೊಳ್ಳಿ ಅಂತ ನಗ್ತಾ ಕೂರಿಸಿದ್ರು.